ಜೈಲಿನಿಂದ ಬಂದ ಹುಡುಗನನ್ನು ಯಾರು ನಂಬಬೇಕು?

ಮಂಗಳೂರಿನ ಕೊಡಿಯಾಲ್‌ಬೈಲಿನ ಜೈಲಿನಿಂದ ಎಂಟು ತಿಂಗಳ ಬಳಿಕ ಹೊರಬಂದ ಮಗನನ್ನು ಆ ತಾಯಿ ನೇರವಾಗಿ ಮನೆಗೆ ಕರೆದೊಯ್ಯಲಿಲ್ಲ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಡುಪಿಯ ಬಸ್ಸು ಹತ್ತಿಸಿ, ಊರಿನ ಸ್ಟಾಪಿಗಿಂತ ಒಂದು ಸ್ಟಾಪು ಮೊದಲೇ ಇಳಿಸಿ, ಗದ್ದೆಯ ಬದುವಿನಲ್ಲಿ ನಡೆಸಿಕೊಂಡು ಹೋಗಿ ದೈವದ ಗುಡಿಯ ಎದುರು ನಿಲ್ಲಿಸಿದರು. ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯವನ್ನು ಅವನ ಕೈಗಿಟ್ಟು, ‘ತಪ್ಪು ಕಾಣಿಕೆ ಹಾಕು, ಮತ್ತೆ ಮನೆಗೆ ಹೋಗುವ’ ಎಂದರು. ಇದನ್ನು ನನಗೆ ಹೇಳಿದವನು ಆ ಹುಡುಗನೇ. ಅವನ ಹೆಸರು, ಊರು ಇಲ್ಲಿ ಬೇಡ. ಇಪ್ಪತ್ತನೆಯ ವಯಸ್ಸಿನಲ್ಲಿ ಇಬ್ಬರು ಗೆಳೆಯರೊಡನೆ ಸೇರಿ ಬೈಕು ಕದ್ದು, ಬಿಡಿಭಾಗಗಳನ್ನು ಮಾರಿ ಸಿಕ್ಕಿಬಿದ್ದಿದ್ದ. ಆ ವರ್ಷದ ಕೋಲದಲ್ಲಿ, ಎಂದರೆ ದೈವ ಮೈಮೇಲೆ ಬರುವ ಉತ್ಸವದಲ್ಲಿ, ದೈವ ಅವನ ಕೈಗೆ ಹಿಂಗಾರದ ಎಸಳು ಕೊಟ್ಟು ‘ಪೋಡ್ಯೊಡ್ಚಿ, ಯಾನ್ ಉಲ್ಲೆ’ ಎಂದು ಅಭಯ ನೀಡಿತು. ಹೆದರಬೇಡ, ನಾನಿದ್ದೇನೆ. ಮರುವಾರ ಅವನು ಕೆಲಸ ಕೇಳಿಕೊಂಡು ಮೂರು ಗ್ಯಾರೇಜುಗಳಿಗೆ ಹೋದ. ಮೂರು ಕಡೆಯೂ ಮರ್ಯಾದೆಯಿಂದಲೇ ಮಾತನಾಡಿಸಿ, ಫೋನ್ ಮಾಡುತ್ತೇವೆ ಎಂದು ಹೇಳಿ ಕಳುಹಿಸಿದರು. ಫೋನು ಬರಲಿಲ್ಲ.

ದೈವ ಕ್ಷಮಿಸಿದವನನ್ನು ಗ್ಯಾರೇಜಿನ ಮಾಲೀಕ ಏಕೆ ಒಳಗೆ ಬಿಟ್ಟುಕೊಳ್ಳಲಿಲ್ಲ ಎಂಬ ಪ್ರಶ್ನೆಯನ್ನು ಬಿಡಿಸಲು ಹೊರಟರೆ ಧರ್ಮ, ಕಾನೂನು, ಸಮಾಜಶಾಸ್ತ್ರ ಮೂರೂ ಒಂದರೊಳಗೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಆದರೆ ಬಿಡಿಸುವ ಎಳೆಯೊಂದು ನಮ್ಮ ಭಾಷೆಯಲ್ಲಿಯೇ ಇದೆ. ದೇವರ ವಿಷಯದಲ್ಲಿ ನಾವು ಬಳಸುವ ‘ನಂಬಿಕೆ’ ಎಂಬ ಪದವನ್ನೇ ಅಂಗಡಿಯ ಸಾಲದ ವಿಷಯದಲ್ಲಿಯೂ ಬಳಸುತ್ತೇವೆ. ದೈವವನ್ನು ನಂಬುವುದೂ ನಂಬಿಕೆ. ಮನೆಯ ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೋಗುವುದೂ ನಂಬಿಕೆ. ತಪ್ಪು ಮಾಡಿ ಬದಲಾಗಲು ಹೊರಟ ಹುಡುಗನ ಬದುಕಿನಲ್ಲಿ ಮೊದಲನೆಯದು ಅವನಿಂದ ದೇವರ ಕಡೆಗೆ ಹೋಗುತ್ತದೆ, ಎರಡನೆಯದು ಊರಿನಿಂದ ಅವನ ಕಡೆಗೆ ಬರಬೇಕಾಗುತ್ತದೆ. ಮೊದಲನೆಯದರ ಬಗ್ಗೆ ನಮ್ಮಲ್ಲಿ ಪ್ರವಚನಗಳಿಗೆ ಕೊರತೆಯಿಲ್ಲ. ಎರಡನೆಯದರ ಬಗ್ಗೆ ನಮ್ಮ ಧರ್ಮಗಳು ನಿಜವಾಗಿ ಏನು ಹೇಳಿವೆ ಎಂಬುದನ್ನು ಮಾತ್ರ ನಾವು ಅಷ್ಟು ಗಮನವಿಟ್ಟು ಓದಿದಂತಿಲ್ಲ.

ತುಳುನಾಡಿನ ದೈವಾರಾಧನೆಯಿಂದಲೇ ಆರಂಭಿಸೋಣ. ಹೊರಗಿನವರಿಗೆ ಕೋಲವೆಂದರೆ ಬೆನ್ನಿಗೆ ಕಟ್ಟುವ ಅಣಿ, ಕಾಲಿನ ಗಗ್ಗರ, ದೊಂದಿಯ ಬೆಳಕು. ಊರಿನವರಿಗೆ ಅದು ಒಂದು ನ್ಯಾಯಸ್ಥಾನವೂ ಹೌದು. ಜಾಗದ ತಕರಾರು, ಮಾತು ಬಿಟ್ಟ ಅಣ್ಣತಮ್ಮಂದಿರು, ಕಳವಿನ ಸಂಶಯ, ಇವೆಲ್ಲ ದೈವದ ಎದುರು ಬರುತ್ತವೆ. ಇಲ್ಲಿನ ಕ್ರಮದ ವಿಶೇಷವೆಂದರೆ, ತಪ್ಪು ಮಾಡಿದವನು ಕಣ್ಣು ಮುಚ್ಚಿ ಮನಸ್ಸಿನೊಳಗೆ ಕ್ಷಮೆ ಕೇಳಿದರೆ ಸಾಲದು. ಗುತ್ತಿನ ಮನೆತನದವರು, ಊರ ಹಿರಿಯರು ಸುತ್ತ ನಿಂತಿರುವಾಗ, ಎಲ್ಲರ ಕಿವಿಗೂ ಬೀಳುವಂತೆ ಒಪ್ಪಿಕೊಳ್ಳಬೇಕು, ಕಾಣಿಕೆ ಇಡಬೇಕು, ಆಮೇಲೆ ದೈವ ಎಲ್ಲರ ಎದುರಿನಲ್ಲಿಯೇ ಗಂಧಪ್ರಸಾದ ಕೊಡಬೇಕು. ಆ ಪ್ರಸಾದ ಸಿಕ್ಕಿದ್ದು ಹುಡುಗನಿಗೆ ಎಷ್ಟು ಮುಖ್ಯವೋ, ಸಿಕ್ಕಿದ್ದನ್ನು ಊರು ನೋಡಿತು ಎಂಬುದೂ ಅಷ್ಟೇ ಮುಖ್ಯ.

ಇನ್ನೊಂದು ಸಂಗತಿ ನನಗೆ ಬಹಳ ದಿನಗಳಿಂದ ಕಾಡುತ್ತಿರುವಂಥದ್ದು. ನಮ್ಮ ಅನೇಕ ದೈವಗಳು ಸ್ವತಃ ಅನ್ಯಾಯಕ್ಕೊಳಗಾದ ಮನುಷ್ಯರು. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠೆಯಾದ ಗೊಮ್ಮಟನನ್ನು ಕಡೆದ ಶಿಲ್ಪಿ, ಮತ್ತೊಂದು ಅಂಥದ್ದನ್ನು ಬೇರೆಲ್ಲಿಯೂ ಕಡೆಯಬಾರದೆಂದು ಅರಸನಿಂದ ಕೈಕಾಲು ಕಳೆದುಕೊಂಡ ಕಲ್ಕುಡನೆಂದು ತುಳುವಿನ ಹಾಡುಗಥೆಯಾದ ಪಾಡ್ದನ ಹೇಳುತ್ತದೆ. ಆ ಅನ್ಯಾಯಕ್ಕೆ ಉತ್ತರ ಕೇಳಲು ಹೊರಟ ತಂಗಿ ಕಲ್ಲುರ್ಟಿ. ಇಬ್ಬರೂ ಮಾಯಕ ಸೇರಿ, ಎಂದರೆ ಮನುಷ್ಯಲೋಕದಿಂದ ಮಾಯವಾಗಿ, ದೈವಗಳಾದರು. ಹಾಗಾದರೆ ಕಲ್ಕುಡ ಕಲ್ಲುರ್ಟಿಯರ ಎದುರು ತಪ್ಪು ಕಾಣಿಕೆ ಇಡುವ ಅಪರಾಧಿ ನಿಂತಿರುವುದು ಒಬ್ಬ ನ್ಯಾಯಾಧೀಶನ ಎದುರು ಮಾತ್ರವಲ್ಲ, ಒಬ್ಬ ನೊಂದವನ ಎದುರು ಕೂಡ. ಕ್ಷಮಿಸುವ ಅಧಿಕಾರ ನೊಂದವನ ಕೈಯಲ್ಲಿದೆ ಎಂಬ ತಿಳಿವಳಿಕೆಯನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಏರ್ಪಾಡು ನನಗೆ ಬೇರೆ ಗೊತ್ತಿಲ್ಲ.

ಆಸ್ಟ್ರೇಲಿಯಾದ ಅಪರಾಧಶಾಸ್ತ್ರಜ್ಞ ಜಾನ್ ಬ್ರೇತ್‌ವೇಟ್ 1989ರಲ್ಲಿ ಮುಂದಿಟ್ಟ ಒಂದು ವಿಚಾರ ಇದಕ್ಕೆ ತೀರ ಹತ್ತಿರದ್ದು. ಸಮಾಜ ತಪ್ಪಿತಸ್ಥನನ್ನು ನಾಚಿಸುವುದರಲ್ಲಿ ಎರಡು ಬಗೆಗಳಿವೆ ಎಂದು ಅವರು ವಾದಿಸಿದರು: ನೀನು ಮಾಡಿದ್ದು ಕೆಟ್ಟ ಕೆಲಸ, ಆದರೆ ನೀನು ನಮ್ಮವನು ಎಂದು ಹೇಳಿ ಮರಳಿ ಒಳಗೆ ಕರೆದುಕೊಳ್ಳುವುದು ಒಂದು, ನೀನೇ ಕೆಟ್ಟವನು ಎಂದು ಹಣೆಪಟ್ಟಿ ಹಚ್ಚಿ ಹೊರಗೆ ನಿಲ್ಲಿಸುವುದು ಇನ್ನೊಂದು. ಮೊದಲನೆಯದು ಅಪರಾಧವನ್ನು ಕಡಿಮೆ ಮಾಡುತ್ತದೆ, ಎರಡನೆಯದು ಹಣೆಪಟ್ಟಿ ಹೊತ್ತವರನ್ನೆಲ್ಲ ಒಂದೇ ಗುಂಪಿಗೆ ತಳ್ಳಿ ಅದನ್ನು ಹೆಚ್ಚಿಸುತ್ತದೆ ಎಂಬುದು ಅವರ ಸಿದ್ಧಾಂತದ ತಿರುಳು. ಕೋಲದ ಅಂಗಳದಲ್ಲಿ ನಡೆಯುವುದು ಮೊದಲನೆಯದು. ಮರುವಾರ ಗ್ಯಾರೇಜಿನಲ್ಲಿ ನಡೆದದ್ದು ಎರಡನೆಯದು, ಬೈಗುಳಿಲ್ಲದೆ, ನಯವಾಗಿ.

ಉಡುಪಿಯ ಕಡೆಗೆ ಬಂದರೆ, ಇಂಥ ಚರ್ಚೆಯಲ್ಲಿ ಕನಕನ ಕಿಂಡಿಯನ್ನು ಎಳೆದು ತರುವ ಆಸೆ ಅನೇಕರಿಗಿರುತ್ತದೆ. ಅದು ತಪ್ಪು ಹೋಲಿಕೆ ಎಂದು ನನ್ನ ಅಭಿಪ್ರಾಯ. ಕನಕದಾಸರು ತಪ್ಪು ಮಾಡಿ ಹೊರಗೆ ನಿಂತವರಲ್ಲ, ಹುಟ್ಟಿನ ಕಾರಣಕ್ಕೆ ಹೊರಗಿಡಲ್ಪಟ್ಟವರು. ಅಲ್ಲಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದದ್ದು ಒಳಗಿದ್ದವರು. ನಮ್ಮ ಹುಡುಗನಿಗೆ ಹೊಂದುವ ಮಾತು ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದ 30ನೆಯ ಶ್ಲೋಕದಲ್ಲಿದೆ. ‘ಅಪಿ ಚೇತ್ ಸುದುರಾಚಾರೋ’ ಎಂದು ಆರಂಭವಾಗುವ ಆ ಶ್ಲೋಕ, ಎಷ್ಟೇ ದುರಾಚಾರಿಯಾಗಿದ್ದರೂ ಅನನ್ಯ ಮನಸ್ಸಿನಿಂದ ನನ್ನನ್ನು ಭಜಿಸಿದರೆ ಅವನನ್ನು ಸಾಧುವೆಂದೇ ತಿಳಿಯಬೇಕು, ಏಕೆಂದರೆ ಅವನ ನಿಶ್ಚಯ ಸರಿಯಾಗಿದೆ ಎನ್ನುತ್ತದೆ. ಇದನ್ನು ಸಾಮಾನ್ಯವಾಗಿ ದೇವರ ಕರುಣೆಯ ಮಾತಾಗಿ ವಿವರಿಸುತ್ತಾರೆ. ಆದರೆ ‘ಸಾಧುರೇವ ಸ ಮಂತವ್ಯಃ’ ಎಂಬಲ್ಲಿ ಬಂದಿರುವ ‘ಮಂತವ್ಯಃ’ ಎಂಬುದು ವಿಧಿರೂಪ. ತಿಳಿಯತಕ್ಕದ್ದು, ಎಣಿಸತಕ್ಕದ್ದು ಎಂದರ್ಥ. ತಿಳಿಯಬೇಕಾದವರು ಯಾರು? ದೇವರಿಗೆ ದೇವರೇ ಆಜ್ಞೆ ಮಾಡಿಕೊಳ್ಳುವುದಿಲ್ಲವಷ್ಟೆ. ಆ ಮಾತು ನೋಡುತ್ತ ನಿಂತಿರುವ ನಮಗೆ. ಅವನು ಈಗಾಗಲೇ ಧರ್ಮಾತ್ಮನಾಗಿಬಿಟ್ಟಿದ್ದಾನೆ ಎಂದೂ ಶ್ಲೋಕ ಹೇಳುವುದಿಲ್ಲ. ಬೇಗನೆ ಧರ್ಮಾತ್ಮನಾಗುತ್ತಾನೆ ಎಂಬುದು ಮುಂದಿನ ಶ್ಲೋಕದ ಮಾತು. ಎಂದರೆ ಬದಲಾವಣೆ ಪೂರ್ತಿಯಾಗುವುದಕ್ಕೆ ಮೊದಲೇ, ನಿಶ್ಚಯವನ್ನು ನೋಡಿ, ನೋಡುವವರು ತಮ್ಮ ಎಣಿಕೆಯನ್ನು ಬದಲಿಸಿಕೊಳ್ಳಬೇಕು.

‘ಪ್ರಾಯಶ್ಚಿತ್ತ’ ಎಂಬ ಪದಕ್ಕೂ ಹಿಂದಿನವರು ಹೀಗೆಯೇ ಅರ್ಥ ಹೇಳಿದ್ದಾರೆ: ಪ್ರಾಯಸ್ ಎಂದರೆ ತಪಸ್ಸು, ಚಿತ್ತ ಎಂದರೆ ನಿಶ್ಚಯ. ಮಾಡಿದ್ದಕ್ಕೆ ಬೇಯುವುದು ಅರ್ಧ, ಇನ್ನು ಮಾಡುವುದಿಲ್ಲವೆಂದು ಗಟ್ಟಿಯಾಗುವುದು ಇನ್ನರ್ಧ. ಬರಿಯ ಪಶ್ಚಾತ್ತಾಪದಲ್ಲಿ ಮೊದಲ ಅರ್ಧ ಮಾತ್ರ ಇದೆ. ಜೈಲಿನ ಮೊದಲ ರಾತ್ರಿ ಪಶ್ಚಾತ್ತಾಪ ಪಡದವನು ಯಾರೂ ಇರಲಾರ ಎಂದು ಆ ಹುಡುಗ ಒಮ್ಮೆ ಹೇಳಿದ್ದ. ಹೊರಬಂದ ತಿಂಗಳಿಗೆ ಹಳೆಯ ಗೆಳೆಯನ ಫೋನು ಬಂದಾಗ ಅದು ಎಲ್ಲಿರುತ್ತದೆ ಎಂಬುದೇ ಪ್ರಶ್ನೆ. ಕನ್ನಡದ ಶರಣ ಪರಂಪರೆ ಉರಿಲಿಂಗಪೆದ್ದಿಯನ್ನು ಕಳ್ಳನಾಗಿದ್ದು ಬದಲಾದವನೆಂದೇ ನೆನೆಯುತ್ತದೆ. ಅವನ ಹಳೆಯ ಬದುಕನ್ನು ಮರೆಮಾಚಲಿಲ್ಲ, ಆದರೆ ಅವನನ್ನು ಶರಣನೆಂದೇ ಕರೆದರು.

ಮಂಗಳೂರಿನ ಮಸೀದಿಗಳಲ್ಲಿ ಕೇಳಿಬರುವ ‘ತೌಬಾ’ ಎಂಬ ಪದಕ್ಕೆ ಮೂಲದಲ್ಲಿ ಮರಳುವುದು ಎಂದರ್ಥ. ವಿದ್ವಾಂಸರು ಅದಕ್ಕೆ ಹೇಳುವ ನಿಬಂಧನೆಗಳು ಬಹಳ ಸ್ಪಷ್ಟ: ತಪ್ಪನ್ನು ಆ ಕ್ಷಣವೇ ನಿಲ್ಲಿಸಬೇಕು, ಮಾಡಿದ್ದಕ್ಕೆ ಮರುಗಬೇಕು, ಮತ್ತೆ ಮಾಡುವುದಿಲ್ಲವೆಂದು ಸಂಕಲ್ಪಿಸಬೇಕು. ತಪ್ಪು ದೇವರಿಗೂ ತನಗೂ ನಡುವಿನದಾದರೆ ಇಷ್ಟು ಸಾಕು. ಆದರೆ ಇನ್ನೊಬ್ಬ ಮನುಷ್ಯನ ಹಕ್ಕು ಅದರಲ್ಲಿ ಸೇರಿದ್ದರೆ ನಾಲ್ಕನೆಯದೊಂದು ಬರುತ್ತದೆ. ಕಿತ್ತುಕೊಂಡದ್ದನ್ನು ಹಿಂದಿರುಗಿಸಬೇಕು ಅಥವಾ ಅವನಿಂದ ಕ್ಷಮೆ ಪಡೆಯಬೇಕು. ಮನುಷ್ಯರ ಹಕ್ಕಿಗೆ ‘ಹಕ್ಕುಲ್ ಇಬಾದ್’ ಎಂದು ಹೆಸರು. ಬೈಕು ಕದ್ದವನು ಎಷ್ಟು ಹೊತ್ತು ನಮಾಜು ಮಾಡಿದರೂ ಬೈಕಿನವನ ಲೆಕ್ಕ ಚುಕ್ತಾ ಆಗುವುದಿಲ್ಲ.

ತೊಂಬತ್ತೊಂಬತ್ತು ಕೊಲೆ ಮಾಡಿದವನ ಕಥೆಯೊಂದು ಪ್ರವಾದಿಯ ನುಡಿಗಳಾದ ಹದೀಸಿನಲ್ಲಿದೆ. ತನಗೆ ತೌಬಾ ಇದೆಯೇ ಎಂದು ಅವನು ಒಬ್ಬ ಸನ್ಯಾಸಿಯನ್ನು ಕೇಳುತ್ತಾನೆ. ಇಲ್ಲ ಎಂದ ಆತನನ್ನೂ ಕೊಂದು ನೂರು ತುಂಬಿಸುತ್ತಾನೆ. ಆಮೇಲೆ ಒಬ್ಬ ವಿದ್ವಾಂಸನನ್ನು ಕೇಳಿದಾಗ, ಇದೆ, ಆದರೆ ನಿನ್ನ ಊರು ಕೆಟ್ಟ ಊರು, ಅಲ್ಲಿಗೆ ಮರಳಬೇಡ, ದೇವರನ್ನು ಆರಾಧಿಸುವವರಿರುವ ಇಂಥ ಊರಿಗೆ ಹೋಗು ಎಂಬ ಉತ್ತರ ಬರುತ್ತದೆ. ಅವನು ದಾರಿಯಲ್ಲಿಯೇ ಸಾಯುತ್ತಾನೆ. ಒಳ್ಳೆಯ ಊರಿಗೆ ಒಂದು ಗೇಣು ಹತ್ತಿರವಿದ್ದನೆಂಬ ಕಾರಣಕ್ಕೆ ಕರುಣೆಯ ದೇವದೂತರು ಅವನನ್ನು ಕರೆದೊಯ್ಯುತ್ತಾರೆ. ಈ ಕಥೆಯಲ್ಲಿ ಎರಡು ವಿಷಯಗಳಿವೆ. ನಿನಗೆ ದಾರಿಯೇ ಇಲ್ಲ ಎಂದು ಹೇಳಿದವನಿಂದ ಇನ್ನೊಂದು ಕೊಲೆಯಾಯಿತು. ದಾರಿ ಇದೆ ಎಂದವನು ಬರಿಯ ಧೈರ್ಯ ಹೇಳಿ ಸುಮ್ಮನಾಗದೆ, ಸಹವಾಸ ಬದಲಿಸು ಎಂಬ ವ್ಯಾವಹಾರಿಕ ಸಲಹೆ ಕೊಟ್ಟ. ಅದೇ ರಸ್ತೆಯ ಅದೇ ಕಟ್ಟೆಗೆ ಹಿಂದಿರುಗಿದ ಹುಡುಗ ಮತ್ತೆ ಜಾರುವುದನ್ನು ಕಂಡವರಿಗೆ ಈ ಸಲಹೆಯ ಬೆಲೆ ಗೊತ್ತು.

ಕರಾವಳಿಯ ಕೊಂಕಣಿ ಕೆಥೊಲಿಕರು ‘ಕುಮ್ಸಾರ್’ ಎನ್ನುವ ಪಾಪನಿವೇದನೆಯಲ್ಲಿಯೂ ಹಿಂದಿರುಗಿಸುವ ಈ ಅಂಶ ಇದೆ. ಗುರುಗಳ ಬಾಯಿಂದ ಬಿಡುಗಡೆಯ ಮಾತು ಬಂದರೂ, ಕದ್ದದ್ದನ್ನು ಸಾಧ್ಯವಿರುವಷ್ಟು ಮರಳಿಸುವ ಹೊಣೆ ಕಳಚಿಕೊಳ್ಳುವುದಿಲ್ಲ ಎಂಬುದು ಧರ್ಮಸಭೆಯ ಬೋಧನೆ. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಬರುವ ಜಕ್ಕಾಯ, ಸುಂಕ ವಸೂಲಿಯಲ್ಲಿ ಮೋಸ ಮಾಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ ಎನ್ನುತ್ತಾನೆ. ಅಲ್ಲಿನ ಕ್ರಮವನ್ನು ಗಮನಿಸಬೇಕು. ಅವನು ಹಣ ಹಿಂದಿರುಗಿಸಿದ ಮೇಲೆ ಯೇಸು ಅವನ ಮನೆಗೆ ಹೋದದ್ದಲ್ಲ. ಇಂದು ನಿನ್ನ ಮನೆಯಲ್ಲಿ ಉಳಿಯಬೇಕು ಎಂದು ಯೇಸುವೇ ಮೊದಲು ಹೇಳಿದ್ದು, ಊರಿನವರು ಪಾಪಿಯ ಮನೆಗೆ ಹೋದನಲ್ಲ ಎಂದು ಗೊಣಗಿದ್ದು. ಹಿಂದಿರುಗಿಸುವ ಮಾತು ಬಂದದ್ದು ಆಮೇಲೆ. ತೌಬಾದಲ್ಲಿ ಮರಳಿಸಿದ ಮೇಲೆ ಲೆಕ್ಕ ಮುಗಿಯುತ್ತದೆ, ಜಕ್ಕಾಯನಲ್ಲಿ ನಂಬಿದ ಮೇಲೆ ಮರಳಿಸುವ ಮನಸ್ಸು ಬರುತ್ತದೆ. ಎರಡೂ ನಿಜ ಎಂದೇ ನನಗೆ ಅನ್ನಿಸುತ್ತದೆ. ಬೇರೆ ಬೇರೆ ಹುಡುಗರಲ್ಲಿ ಬೇರೆ ಬೇರೆ.

ನಂಬಿಕೆಯೊಂದೇ ಹೊಟ್ಟೆ ತುಂಬಿಸುವುದಿಲ್ಲ ಎಂಬುದಕ್ಕೆ ಮಂಗಳೂರಿನ ಹೆಂಚೇ ಸಾಕ್ಷಿ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು ಕೆಲವೇ ವರ್ಷಗಳಲ್ಲಿ ಒಂದು ಕಷ್ಟವನ್ನು ಎದುರಿಸಿದರು. ಮತಾಂತರವಾದವರು ತಮ್ಮ ಜಾತಿಯ ಕಸುಬನ್ನೂ ಮನೆಯ ಆಶ್ರಯವನ್ನೂ ಕಳೆದುಕೊಳ್ಳುತ್ತಿದ್ದರು. ಹೊಸ ಹೆಸರು, ಹೊಸ ಪ್ರಾರ್ಥನೆ ಇದ್ದರೂ ನಾಳೆಯ ಗಂಜಿಗೆ ದಾರಿಯಿರಲಿಲ್ಲ. ನೇಯ್ಗೆಯ ಕಾರ್ಖಾನೆ ಬಂದದ್ದು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂದದ್ದು ಬಹುಮಟ್ಟಿಗೆ ಆ ಕಾರಣದಿಂದ. ಅವರು ಅಪರಾಧಿಗಳಲ್ಲ, ಹೋಲಿಕೆ ಅಷ್ಟಕ್ಕೇ ನಿಲ್ಲಬೇಕು. ಆದರೆ ಹಳೆಯ ಬದುಕಿನ ಬಾಗಿಲು ಮುಚ್ಚಿಕೊಂಡವನಿಗೆ ಪ್ರವಚನದ ಜೊತೆ ಕೆಲಸವನ್ನೂ ಕೊಡಬೇಕಾಗುತ್ತದೆ ಎಂಬ ಪಾಠವನ್ನು ಈ ಊರು ನೂರೈವತ್ತು ವರ್ಷಗಳ ಹಿಂದೆಯೇ ಕಲಿತಿತ್ತು.

ಇಷ್ಟು ಹೇಳಿದ ಮೇಲೆ ಕರಾವಳಿಯವನಾಗಿ ಒಂದು ಅಹಿತಕರ ಮಾತನ್ನೂ ಹೇಳಬೇಕು. ಇಲ್ಲಿ ಕೆಲವು ಹುಡುಗರ ಮೇಲೆ ಮೊದಲ ಕೇಸು ಬಿದ್ದದ್ದೇ ಧರ್ಮದ ಹೆಸರಿನ ಗಲಾಟೆಯಲ್ಲಿ. ಎರಡೂ ಕಡೆಯಲ್ಲಿ ಅಂಥವರಿದ್ದಾರೆ. ಅವರಿಗೆ ಹೊರಬಂದಾಗ ಹಾರ ಹಾಕುವವರು ಸಿಗುತ್ತಾರೆ, ಕೆಲಸ ಕೊಡುವವರು ಸಿಗುವುದಿಲ್ಲ. ಆದ್ದರಿಂದ ಧರ್ಮದ ಕಡೆಗೆ ತಿರುಗಿದ ಎಂಬ ಮಾತನ್ನು ಕೇಳಿದೊಡನೆ ಹುಡುಗ ಸರಿಯಾದ ಎಂದುಕೊಳ್ಳುವಂತಿಲ್ಲ. ತಲೆ ತಗ್ಗಿಸಲು ಕಲಿಸುವ ನಂಬಿಕೆ ಬೇರೆ, ಬಾವುಟ ಹಿಡಿಸುವ ನಂಬಿಕೆ ಬೇರೆ. ಎರಡನೆಯದು ಅವನನ್ನು ಹಳೆಯ ಗುಂಪಿನಿಂದ ಬಿಡಿಸಿ ಇನ್ನೊಂದು ಗುಂಪಿಗೆ ಸೇರಿಸುತ್ತದೆ ಅಷ್ಟೆ. ಗುರುತಿಸುವುದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಸರಳ. ಆ ನಂಬಿಕೆ ಅವನನ್ನು ತಾನು ನೋಯಿಸಿದ ಮನುಷ್ಯನ ಕಡೆಗೆ ಕರೆದೊಯ್ಯುತ್ತದೆಯೇ, ಅಥವಾ ಇನ್ನಷ್ಟು ದೂರ ಒಯ್ಯುತ್ತದೆಯೇ ಎಂಬುದಷ್ಟನ್ನೇ ನೋಡುತ್ತೇನೆ.

ಅಪರಾಧ ಬಿಟ್ಟವರನ್ನು ದೀರ್ಘಕಾಲ ಗಮನಿಸಿದ ಅಧ್ಯಯನಗಳು ಇಲ್ಲಿ ನೆರವಿಗೆ ಬರುತ್ತವೆ. ಬಾಸ್ಟನ್ನಿನ ಐನೂರು ತಪ್ಪಿತಸ್ಥ ಬಾಲಕರ ಹಳೆಯ ದಾಖಲೆಗಳನ್ನು ಹಿಡಿದು, ಅವರಲ್ಲಿ ಕೆಲವರನ್ನು ಎಪ್ಪತ್ತನೆಯ ವಯಸ್ಸಿನವರೆಗೂ ಹಿಂಬಾಲಿಸಿದ ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಅವರಿಗೆ ಕಂಡದ್ದು, ನೆಲೆಯಾದ ಉದ್ಯೋಗ, ಗಟ್ಟಿಯಾದ ದಾಂಪತ್ಯದಂಥ ತಿರುವುಗಳ ಮಹತ್ವ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಶ್ಯಾಡ್ ಮರುನಾ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದನ್ನು ಗಮನಿಸಿತು. ಅಪರಾಧ ಬಿಟ್ಟವರೂ ಬಿಡದವರೂ ಹೆಚ್ಚುಕಡಿಮೆ ಒಂದೇ ಬಗೆಯ ಕಷ್ಟದ ಹಿನ್ನೆಲೆಯವರು. ಬೇರೆಯಾಗಿದ್ದದ್ದು ಅವರು ತಮ್ಮ ಬದುಕಿನ ಕಥೆಯನ್ನು ಹೇಳಿಕೊಳ್ಳುತ್ತಿದ್ದ ಬಗೆ. ನನ್ನ ಹಣೆಬರಹವೇ ಇಷ್ಟು ಎಂದವರು ಅಲ್ಲಿಯೇ ಉಳಿದರು. ಬಿಟ್ಟವರು, ನಾನು ಮೂಲತಃ ಕೆಟ್ಟವನಲ್ಲ, ಸನ್ನಿವೇಶ ಹಾಗೆ ಮಾಡಿಸಿತು, ಇನ್ನು ಮುಂದಿನದು ನನ್ನ ಕೈಯಲ್ಲಿದೆ ಎಂದು ಹೇಳಿಕೊಳ್ಳುತ್ತಿದ್ದರು.

ಇದನ್ನು ಓದಿದ ಮೇಲೆ ನನ್ನದೇ ಒಂದು ಅಸಹನೆ ಕಡಿಮೆಯಾಯಿತು. ಜೈಲಿನಿಂದ ಬಂದ ಮಗನ ಬಗ್ಗೆ ತಾಯಂದಿರು ‘ಗ್ರಹಚಾರ ಕೆಟ್ಟಿತ್ತು’ ಎಂದಾಗ, ತಪ್ಪನ್ನು ಗ್ರಹಗಳ ತಲೆಗೆ ಕಟ್ಟುತ್ತಿದ್ದಾರಲ್ಲ ಎಂದು ಸಿಟ್ಟು ಬರುತ್ತಿತ್ತು. ಆದರೆ ಆ ಮಾತಿನ ಭೂತಕಾಲವನ್ನು ಗಮನಿಸಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಕೆಟ್ಟಿತ್ತು, ಈಗಿಲ್ಲ. ಕೆಟ್ಟದ್ದು ಗ್ರಹಚಾರ, ಹುಡುಗನಲ್ಲ. ಅವನನ್ನೂ ಅವನ ಕೃತ್ಯವನ್ನೂ ಬೇರೆ ಮಾಡಿ ನೋಡುವ ಒಂದು ಉಪಾಯವನ್ನು ಆ ತಾಯಿ ತನಗೆ ತಿಳಿದ ಭಾಷೆಯಲ್ಲಿ ಕಂಡುಕೊಂಡಿದ್ದಾರೆ. ‘ಇನ್ನೂ ಕೆಟ್ಟಿದೆ’ ಎಂದು ಹುಡುಗನೇ ಹೇಳತೊಡಗಿದಾಗ ಮಾತ್ರ ಚಿಂತೆ ಮಾಡಬೇಕು.

ಇನ್ನು ಕಾನೂನು. ಶಿಕ್ಷೆಯ ಬಗ್ಗೆ ಎಲ್ಲರಿಗೂ ಗೊತ್ತು, ಮರಳಿ ಬರುವ ದಾರಿಯ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಕೃತ್ಯ ನಡೆದ ದಿನ ವಯಸ್ಸು ಹದಿನೆಂಟು ತುಂಬಿರಲಿಲ್ಲವೇ ಎಂಬುದು ಮೊದಲ ಪ್ರಶ್ನೆ. ತುಂಬಿರದಿದ್ದರೆ 2015ರ ಬಾಲನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಅದರ ಮೂಲತತ್ವಗಳಲ್ಲಿ ಹೊಸ ಆರಂಭದ ತತ್ವವೂ ಒಂದು. 24ನೆಯ ಕಲಮಿನ ಪ್ರಕಾರ ಆ ಪ್ರಕರಣ ಅವನಿಗೆ ಮುಂದೆ ಯಾವ ಅನರ್ಹತೆಯನ್ನೂ ತರಬಾರದು, ಗೊತ್ತುಪಡಿಸಿದ ಅವಧಿಯ ಬಳಿಕ ದಾಖಲೆಗಳನ್ನು ನಾಶ ಮಾಡಬೇಕು. ಹದಿನಾರು ದಾಟಿದ ಬಾಲಕ ಘೋರ ಅಪರಾಧ ಎಸಗಿದ್ದಾನೆಂದು ಮಕ್ಕಳ ನ್ಯಾಯಾಲಯದಲ್ಲಿ ತೀರ್ಮಾನವಾದ ಪ್ರಕರಣಗಳಿಗೆ ಮಾತ್ರ ಈ ರಕ್ಷಣೆ ಇಲ್ಲ. ಪ್ರಕರಣ ಮುಗಿದ ಮೇಲೆ ನಡತೆ ಪ್ರಮಾಣಪತ್ರಕ್ಕಾಗಿ ಕೂಡ ಪೊಲೀಸರು ಆ ದಾಖಲೆಯನ್ನು ಹೊರಗೆಡವುವಂತಿಲ್ಲ ಎಂದು 74ನೆಯ ಕಲಮು ಹೇಳುತ್ತದೆ. ಬಾಲಮಂದಿರದ ಕೇಸಿನ ಬಗ್ಗೆ ಮೂವತ್ತನೆಯ ವಯಸ್ಸಿನಲ್ಲಿಯೂ ಹೆದರಿಕೊಂಡು ಅರ್ಜಿ ಹಾಕದೆ ಕುಳಿತವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಹೆದರಬೇಕಾಗಿರಲಿಲ್ಲ.

ನಮ್ಮ ಹುಡುಗನಿಗೆ ಇಪ್ಪತ್ತು. ಆ ಎಂಟು ತಿಂಗಳು ಅವನು ವಿಚಾರಣೆಯ ಕಾಲದಲ್ಲಿ ಒಳಗಿದ್ದದ್ದು. ತೀರ್ಪಿನಲ್ಲಿ ಅವನಿಗೆ ನೆರವಾದದ್ದು, ತಪ್ಪಿತಸ್ಥನನ್ನು ಜೈಲಿಗೆ ಕಳುಹಿಸದೆ ಷರತ್ತಿನ ಮೇಲೆ ಬಿಡಲು ಅವಕಾಶ ಕೊಡುವ 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ. ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧ ಎಸಗಿದವನು ಇಪ್ಪತ್ತೊಂದಕ್ಕಿಂತ ಕಿರಿಯನಾಗಿದ್ದರೆ, ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಂಡು, ಬಿಡುಗಡೆ ಏಕೆ ತಕ್ಕುದಲ್ಲ ಎಂಬ ಕಾರಣವನ್ನು ದಾಖಲಿಸದೆ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸುವಂತಿಲ್ಲ ಎಂದು ಅದರ 6ನೆಯ ಕಲಮು ಹೇಳುತ್ತದೆ. 4ನೆಯ ಕಲಮಿನಡಿ, ಮೂರು ವರ್ಷ ಮೀರದ ಅವಧಿಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. 5ನೆಯದರಡಿ ನೊಂದವನಿಗೆ ಪರಿಹಾರ ಕೊಡುವಂತೆ ಆದೇಶಿಸಬಹುದು. ಮುಚ್ಚಳಿಕೆಯಲ್ಲಿ ನಿಶ್ಚಯವಿದೆ, ಪರಿಹಾರದಲ್ಲಿ ಹಿಂದಿರುಗಿಸುವುದಿದೆ. ತೌಬಾದ ನಿಬಂಧನೆಗಳನ್ನು ಓದಿಕೊಂಡು ಬಂದವರಿಗೆ ಇದು ಪರಿಚಿತವೆನ್ನಿಸಿದರೆ ಆಶ್ಚರ್ಯವಿಲ್ಲ. ಹೀಗೆ ಬಿಡುಗಡೆಯಾದವನಿಗೆ ಶಿಕ್ಷೆಯ ಕಾರಣದ ಕಾನೂನಾತ್ಮಕ ಅನರ್ಹತೆ ಅಂಟುವುದಿಲ್ಲವೆಂದು 12ನೆಯ ಕಲಮಿನಲ್ಲಿದೆ. ಆದರೆ ಅಪರಾಧ ಸಾಬೀತಾದದ್ದು ಅಳಿಸಿಹೋಗುವುದಿಲ್ಲ. ಇದನ್ನು ತಪ್ಪು ತಿಳಿದು ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆದವರು ಹೊಸ ತೊಂದರೆಗೆ ಸಿಲುಕುತ್ತಾರೆ. ಮಾದಕವಸ್ತುವಿನ ಪ್ರಕರಣಗಳಲ್ಲಿ ಈ ದಾರಿ ಬಹಳ ಕಿರಿದು: ಹದಿನೆಂಟರೊಳಗಿನವರಿಗೆ ಮತ್ತು ಸ್ವಂತ ಸೇವನೆಯಂಥ ಕೆಲವೇ ಅಪರಾಧಗಳಿಗೆ ಮಾತ್ರ ಪ್ರೊಬೇಷನ್ ಸಿಗುತ್ತದೆ. ಆದರೆ ಮಾದಕವಸ್ತು ಕಾಯ್ದೆಯ (ಎನ್‌ಡಿಪಿಎಸ್) 64ಎ ಕಲಮು, ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿಯೇ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಕೊಡುತ್ತದೆ. ಮಕ್ಕಳನ್ನು ಮಂಗಳೂರಿನ ಹಾಸ್ಟೆಲುಗಳಲ್ಲಿ ಬಿಟ್ಟಿರುವ ತಂದೆತಾಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಗಳ ಪಟ್ಟಿಗೆ ಸೇರಿಸಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಬಾರಿ ಅಪರಾಧಿಯೆಂದು ತೀರ್ಮಾನವಾದವನು ಆ ವಸ್ತುವನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಅವನಿಗೆ ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ. ಇಲ್ಲಿಯೂ ಷರತ್ತು ಹಿಂದಿರುಗಿಸುವುದೇ.

ಕರಾವಳಿಯ ಮನೆಗಳಲ್ಲಿ ಇದೆಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ ಪಾಸ್‌ಪೋರ್ಟಿನದು, ಏಕೆಂದರೆ ಕೆಲಸವೆಂದರೆ ಇಲ್ಲಿ ಅರ್ಧ ಮಂದಿಗೆ ಕೊಲ್ಲಿ ರಾಷ್ಟ್ರ. 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ, ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾಗಿದ್ದರೆ ನಿರಾಕರಿಸಬಹುದು. ವಿಚಾರಣೆ ಬಾಕಿಯಿದ್ದರೂ ನಿರಾಕರಿಸಬಹುದು, ಆದರೆ ಆಗ ನ್ಯಾಯಾಲಯದ ಅನುಮತಿ ಪಡೆದು ಸೀಮಿತ ಅವಧಿಯ ಪಾಸ್‌ಪೋರ್ಟ್ ಪಡೆಯುವ ದಾರಿಯಿದೆ. ಸರ್ಕಾರಿ ನೌಕರಿಯ ಅರ್ಜಿಯ ಬಗ್ಗೆ ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕೇಳಿದ್ದಕ್ಕೆ ನಿಜ ಹೇಳಬೇಕು, ಎಳೆಯ ವಯಸ್ಸಿನ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಅದನ್ನು ಮನ್ನಿಸುವ ವಿವೇಚನೆ ಅಧಿಕಾರಿಗೆ ಇದೆ, ಆದರೆ ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದಿಲ್ಲ. ಕೊನೆಯ ವಾಕ್ಯದಲ್ಲಿ ಮತ್ತೆ ಅದೇ ಗ್ಯಾರೇಜು ಕಾಣುತ್ತದೆ. ಇನ್ನು ರೌಡಿ ಪಟ್ಟಿ. ಅದು ನ್ಯಾಯಾಲಯ ವಿಧಿಸಿದ ಶಿಕ್ಷೆಯಲ್ಲ, ಪೊಲೀಸ್ ಕೈಪಿಡಿಯ ಪ್ರಕಾರ ಠಾಣೆ ಇಟ್ಟುಕೊಳ್ಳುವ ಕಡತ. ಕೋರ್ಟು ಬಿಟ್ಟ ಮೇಲೂ ಹಬ್ಬಕ್ಕೋ ಚುನಾವಣೆಗೋ ಮೊದಲು ಪರೇಡಿಗೆ ಕರೆ ಬರುತ್ತದೆ, ಅರ್ಧ ದಿನದ ಕೂಲಿ ಹೋಗುತ್ತದೆ, ಮಾಲೀಕರಿಗೆ ಗೊತ್ತಾಗುತ್ತದೆ. ಒಳ್ಳೆಯ ನಡತೆಯ ಆಧಾರದ ಮೇಲೆ ಹೆಸರು ತೆಗೆಸಲು ಮೇಲಧಿಕಾರಿಗಳಿಗೆ ಮನವಿ ಮಾಡಬಹುದು.

ಕಾನೂನು ಕೊಡಬಲ್ಲದ್ದು ಇಷ್ಟು: ಅನರ್ಹತೆ ತೆಗೆಯಬಲ್ಲದು, ಕಡತ ಮುಚ್ಚಬಲ್ಲದು. ನಂಬು ಎಂದು ಗ್ಯಾರೇಜಿನವರಿಗೆ ಆಜ್ಞೆ ಮಾಡಲಾರದು. ಅವರ ಕಡೆಯ ಮಾತೂ ಇದೆಯಲ್ಲ. ಬಿಡಿಭಾಗ ಮಾರಿ ಸಿಕ್ಕಿಬಿದ್ದವನಿಗೆ ಬಿಡಿಭಾಗಗಳ ನಡುವೆಯೇ ಕೆಲಸ ಕೊಡಲು ಹಿಂಜರಿದದ್ದನ್ನು ಕ್ರೌರ್ಯವೆನ್ನಲು ನನಗೆ ಮನಸ್ಸಿಲ್ಲ.

ಕದ್ದ ಬೈಕುಗಳಲ್ಲಿ ಒಂದು ರಾತ್ರಿ ಪಾಳಿಯ ಕಾವಲುಗಾರನದು, ಅದರ ಸಾಲದ ಕಂತು ಇನ್ನೂ ಮುಗಿದಿರಲಿಲ್ಲ. ಇಲ್ಲದ ಬೈಕಿಗೆ ಅವರು ತಿಂಗಳು ತಿಂಗಳು ಕಂತು ಕಟ್ಟುತ್ತಿದ್ದರು. ನ್ಯಾಯಾಲಯ ಹೇಳಿದ ಪರಿಹಾರದ ಹಣ ಕೊಡಲು ಹೋದಾಗ ಈ ವಿಷಯ ಹುಡುಗನಿಗೆ ಮೊದಲ ಬಾರಿ ತಿಳಿಯಿತು. ಅವರು ಬೈಯಲಿಲ್ಲ, ಒಳಗೆ ಕರೆಯಲೂ ಇಲ್ಲ. ಜಗಲಿಯಲ್ಲಿಯೇ ನಿಂತು ಹಣ ತೆಗೆದುಕೊಂಡರು. ಕೋಲದ ಅಂಗಳದಲ್ಲಿ ಬಾರದ ಅಳು ತನಗೆ ಬಂದದ್ದು ಅಲ್ಲಿಂದ ಹಿಂದಿರುಗುವಾಗ, ಬಸ್ಸಿನಲ್ಲಿ, ಎಂದು ಅವನು ಹೇಳಿದ.

ಕೊನೆಗೆ ಅವನಿಗೆ ಕೆಲಸ ಸಿಕ್ಕಿದ್ದು ಮಲ್ಪೆಯಲ್ಲಿ, ಮಾವನ ಪರಿಚಯದ ತಂಡೇಲರೊಬ್ಬರ, ಎಂದರೆ ಬೋಟು ನಡೆಸುವ ಮುಖ್ಯಸ್ಥರೊಬ್ಬರ, ಬೋಟಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಕೈಯಲ್ಲಿ ಕೆಲಸವಿಲ್ಲದೆ, ಹಳೆಯ ಗೆಳೆಯರ ಫೋನುಗಳು ಬರುತ್ತಿದ್ದ ಹೊತ್ತಿನಲ್ಲಿ, ತಂಡೇಲರು ಅವನನ್ನು ಬಲೆ ಹೆಣೆಯಲು ಕೂರಿಸಿಕೊಂಡರು. ಸಂಬಳವೆಂದು ಹೆಚ್ಚೇನಿರಲಿಲ್ಲ, ಮಧ್ಯಾಹ್ನದ ಊಟವಿತ್ತು. ಆಗಸ್ಟಿನಲ್ಲಿ ಬೋಟು ಇಳಿಸುವ ಮುನ್ನಾದಿನ ಐಸ್ ಪ್ಲಾಂಟಿಗೆ ಕೊಡಬೇಕಾದ ಹಣವನ್ನು ಒಂದು ರಬ್ಬರ್ ಬ್ಯಾಂಡಿನಲ್ಲಿ ಸುತ್ತಿ ಅವನ ಕೈಗೆ ಕೊಟ್ಟು ಕಳುಹಿಸಿದರು. ಅಷ್ಟು ನೋಟುಗಳನ್ನು ಕೇಸಿನ ಬಳಿಕ ಅವನು ಮುಟ್ಟಿರಲಿಲ್ಲ. ಚೀಟಿಯನ್ನೂ ಉಳಿದ ಚಿಲ್ಲರೆಯನ್ನೂ ತಂದು ಕೊಟ್ಟಾಗ ತಂಡೇಲರು ಅವನ ಎದುರಿಗೇ ಕನ್ನಡಕ ಹಾಕಿಕೊಂಡು ಒಂದೊಂದೇ ನೋಟನ್ನು ಎಣಿಸಿ, ಚೀಟಿಯ ಲೆಕ್ಕದೊಡನೆ ತಾಳೆ ನೋಡಿ, ಜೇಬಿಗೆ ಹಾಕಿಕೊಂಡರು. ಎಣಿಸಿದ್ದಕ್ಕೆ ಬೇಸರವಾಯಿತೇ ಎಂದು ನಾನು ಕೇಳಿದೆ. ‘ಇಲ್ಲ, ಮರುದಿನ ಡೀಸೆಲಿನ ಹಣವನ್ನೂ ನನ್ನ ಕೈಯಲ್ಲೇ ಕೊಟ್ಟರು’ ಎಂದ.